ಕೋಳಿ, ಕರಡಿ, ಗಡಿಯಾರ: ಸಿಂಫನಿಗೆ ನೀವೇ ಒಂದು ತಮಾಷೆಯ ಅಡ್ಡಹೆಸರು ಇಡೋದು ಹೇಗೆ

ನಾನು ಓದಿದ ಶಾಲೆಯಲ್ಲಿ ಒಬ್ಬ ಮೇಷ್ಟ್ರಿದ್ದರು. ಬೇಸಿಗೆಯಿರಲಿ, ಮಳೆಯಿರಲಿ, ಕಂಕುಳಲ್ಲಿ ಒಂದು ಕೊಡೆ ಇದ್ದೇ ಇರುತ್ತಿತ್ತು. ಅವರ ನಿಜವಾದ ಹೆಸರು ಅಂಕಪಟ್ಟಿಯ ಸಹಿಯಲ್ಲಿ ಮಾತ್ರ ಉಳಿದಿತ್ತು. ಊರಿಗೆಲ್ಲ ಅವರು ಕೊಡೆ ಮೇಷ್ಟ್ರು. ‘ಒಳ್ಳೇ ಮೇಷ್ಟ್ರು’ ಅಂತ ಯಾರಾದರೂ ಹೇಳಿದ್ದರೆ ಯಾರ ಬಗ್ಗೆ ಅಂತ ನಮಗೆ ಗೊತ್ತಾಗುತ್ತಿರಲಿಲ್ಲ. ಕೊಡೆ ಅಂದ ಕೂಡಲೇ ಮನುಷ್ಯ ಕಣ್ಣ ಮುಂದೆ ಬಂದು ನಿಲ್ಲುತ್ತಿದ್ದರು.

ಸಿಂಫನಿಗೆ, ಅಂದರೆ ದೊಡ್ಡ ವಾದ್ಯವೃಂದ ನುಡಿಸೋ, ಸಾಮಾನ್ಯವಾಗಿ ನಾಲ್ಕು ಭಾಗಗಳ ಉದ್ದನೆಯ ಕೃತಿಗೆ, ಹೆಸರಿಡೋದೂ ಇದೇ ಕೆಲಸ. ಅದರ ಕೊಡೆ ಎಲ್ಲಿದೆ ಅಂತ ಹುಡುಕಬೇಕು. ಸಿಕ್ಕಿತು ಅಂದರೆ ಅರ್ಧ ಕೆಲಸ ಮುಗಿದ ಹಾಗೆ.

ಹೆಸರು ಯಾಕೆ ಬೇಕು ಅಂದರೆ

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ಕೇಳಲು ಹೊರಟವರನ್ನು ಮೊದಲು ಹೆದರಿಸೋದು ನಂಬರುಗಳು. ಹೈಡನ್ ಅನ್ನೋ ಸಂಯೋಜಕ ಒಬ್ಬನದೇ ನಂಬರ್ ಬಿದ್ದ 104 ಸಿಂಫನಿಗಳಿವೆ. ‘ನಂಬರ್ 83, ಜಿ ಮೈನರ್’ ಅಂದರೆ ಯಾವುದೋ ಸರ್ವೆ ನಂಬರ್ ಹೇಳಿದ ಹಾಗಿರುತ್ತದೆ. ಹೋಗಲಿ, ನಂಬರನ್ನಾದರೂ ನಂಬೋಣ ಅಂದರೆ ಅದೂ ಆಗಲ್ಲ. ದ್ವೊರ್ಝಾಕ್ ಬರೆದ ‘ಹೊಸ ಜಗತ್ತಿನಿಂದ’ ಈಗ 9ನೆಯದು, ಆದರೆ ಹಳೇ ರೆಕಾರ್ಡುಗಳ ಮೇಲೆ 5 ಅಂತ ಇರುತ್ತದೆ. ಶೂಬರ್ಟ್‌ನ ದೊಡ್ಡ ಸಿ ಮೇಜರ್ ಸಿಂಫನಿಗೆ 7, 8, 9 ಅಂತ ಮೂರು ನಂಬರೂ ಬಿದ್ದಿವೆ. ಇನ್ನು ಬೀಥೋವನ್ 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ ತನ್ನ ಐದನೆಯದನ್ನೂ ಆರನೆಯದನ್ನೂ ಒಂದೇ ದಿನ ಮೊದಲ ಸಲ ಜನರ ಮುಂದಿಟ್ಟಾಗ, ಆ ದಿನದ ಪಟ್ಟಿಯಲ್ಲಿ ಇವತ್ತಿನ ಆರು ಐದಾಗಿತ್ತು, ಐದು ಆರಾಗಿತ್ತು.

ಹೆಸರಾದರೆ ಈ ತಾಪತ್ರಯ ಇಲ್ಲ, ಜನ ಹೆಸರಿಟ್ಟುಕೊಂಡೂ ಇದ್ದಾರೆ. 83 ಈಗ ‘ಕೋಳಿ’, 82 ‘ಕರಡಿ’, 101 ‘ಗಡಿಯಾರ’. ಇವು ಯಾವುವೂ ಹೈಡನ್ ಇಟ್ಟ ಹೆಸರುಗಳಲ್ಲ, ಕೇಳಿದವರು ಇಟ್ಟವು. ಹಾಗಾಗಿ ನಿಮಗೆ ಅಧಿಕಾರ ಇದೆಯಾ ಅಂತ ಯೋಚಿಸಬೇಡಿ. ಕಿವಿ ಇದ್ದರೆ ಅಧಿಕಾರ ಇದೆ.

ಹೆಜ್ಜೆ 1: ಚಿಕ್ಕದನ್ನು ಆರಿಸಿ, ಹೆಸರಿಲ್ಲದ್ದನ್ನು ಆರಿಸಿ

ಮೊದಲ ದಿನವೇ ಮಾಹ್ಲರ್ ಹತ್ತಿರ ಹೋಗಬೇಡಿ. ಅವನ ಮೂರನೆಯ ಸಿಂಫನಿ ಒಂದೂವರೆ ಗಂಟೆಗಿಂತ ಜಾಸ್ತಿ. ಕೊಡೆ ಹುಡುಕುವಷ್ಟರಲ್ಲಿ ನಿದ್ದೆ ಬರುತ್ತದೆ.

ಹೈಡನ್ ಸರಿಯಾದ ಗಿರಾಕಿ. ಅವನ ಸಿಂಫನಿಗಳು ಹೆಚ್ಚಾಗಿ 20ರಿಂದ 30 ನಿಮಿಷದೊಳಗೆ ಮುಗಿಯುತ್ತವೆ, ನಾಲ್ಕು ಭಾಗ ಇರುತ್ತವೆ, ಮತ್ತು ಮನುಷ್ಯ ಮಹಾ ಕೀಟಲೆಕೋರ. ಲಂಡನ್ನಿಗಾಗಿ ಅವನು ಬರೆದ 12 ಸಿಂಫನಿಗಳಿವೆ, 93ರಿಂದ 104ರವರೆಗೆ. ಅದರಲ್ಲಿ ಆರಕ್ಕೆ ಈಗಾಗಲೇ ಹೆಸರಿದೆ. ಉಳಿದ ಆರು, ಅಂದರೆ 93, 95, 97, 98, 99, 102, ಇನ್ನೂ ನಾಮಕರಣ ಆಗದ ಕೂಸುಗಳು. ನಾವು 93 ತಗೊಳ್ಳೋಣ.

ಹೆಜ್ಜೆ 2: ಮೂರು ಸಲ ಕೇಳಿ, ಮೂರು ಥರ ಕೇಳಿ

ಮೊದಲ ಸಲ ಸುಮ್ನೆ ಹಾಕಿಕೊಂಡು ಬೇರೆ ಕೆಲಸ ಮಾಡಿ. ನಾನು ಹುರುಳಿಕಾಯಿ ಹೆಚ್ಚುತ್ತೇನೆ. ಚಾಕು ಎಲ್ಲಿ ತಾನಾಗಿ ನಿಂತಿತು ಅನ್ನೋದನ್ನು ನೆನಪಿಟ್ಟುಕೊಳ್ಳಿ, ಅಷ್ಟು ಸಾಕು. ಎರಡನೆಯ ಸಲ ಕಾಗದ, ಪೆನ್ನು ಹಿಡಿದು ಕೂತುಕೊಳ್ಳಿ. ನಿಲ್ಲಿಸಿದ ಕಡೆ, ನಕ್ಕ ಕಡೆ, ‘ಇದೇನಿದು’ ಅನ್ನಿಸಿದ ಕಡೆ ನಿಮಿಷ, ಸೆಕೆಂಡು ಬರೆಯಿರಿ, ಪಕ್ಕದಲ್ಲಿ ಒಂದು ಪದ ಹಾಕಿ. ಸುಂದರ, ಗಂಭೀರ, ಮಧುರ ಅಂತೆಲ್ಲ ಬರೆಯಬೇಡಿ, ಆ ಪದಗಳಿಂದ ಏನೂ ಹುಟ್ಟಲ್ಲ. ‘ಬಾಗಿಲು’, ‘ಸೀನು’, ‘ಇಬ್ಬರು ಜಗಳ’, ‘ಮೆಟ್ಟಿಲಿಂದ ಪಾತ್ರೆ ಬಿತ್ತು’, ಈ ಥರ ಬರೆಯಿರಿ. ಮೂರನೆಯ ಸಲ ಗುರುತು ಹಾಕಿದ ಜಾಗಗಳನ್ನು ಮಾತ್ರ ಕೇಳಿ, ಪ್ರತಿಯೊಂದಕ್ಕೂ ಅರ್ಧ ನಿಮಿಷ ಹಿಂದಿನಿಂದ.

93ರಲ್ಲಿ ಏನಾಗುತ್ತದೆ ನೋಡಿ. ಎರಡನೆಯ ಭಾಗ ನಿಧಾನದ್ದು. ನಾಲ್ಕೇ ನಾಲ್ಕು ತಂತಿವಾದ್ಯಗಳು ಬಹಳ ಮರ್ಯಾದೆಯಿಂದ ಒಂದು ರಾಗ ನುಡಿಸಿ ಶುರು ಮಾಡುತ್ತವೆ, ಜರಿ ಪಂಚೆ ಉಟ್ಟ ಹಿರಿಯರು ಮದುವೆ ಚಪ್ಪರದಲ್ಲಿ ಕೂತ ಹಾಗೆ. ಹೀಗೇ ಸಾಗುತ್ತದೆ. ಕೊನೆ ಹತ್ತಿರ ಬಂದಾಗ ಸದ್ದು ಕಡಿಮೆಯಾಗುತ್ತಾ ಹೋಗುತ್ತದೆ. ರಾಗದ ಒಂದೊಂದು ಚೂರು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ. ಇನ್ನೂ ಮೆತ್ತಗೆ. ಇನ್ನೂ ಮೆತ್ತಗೆ. ಉಸಿರೂ ಕೇಳಿಸದಷ್ಟು ಮೌನ. ಆಗ ಬಸೂನ್‌ಗಳು ತಮ್ಮ ಕೆಳಗಿನ ಒಂದೇ ಒಂದು ಸ್ವರವನ್ನು ಪೂರ್ತಿ ಜೋರಾಗಿ ಬಿಡುತ್ತವೆ. ಭರ್‍ರ್!

ಬಸೂನ್ ಉದ್ದನೆಯ ಮರದ ವಾದ್ಯ, ಅದರ ಕೆಳಗಿನ ಸ್ವರಗಳು ಯಾವ ಸದ್ದನ್ನು ಹೋಲುತ್ತವೆ ಅಂತ ನಾನು ಹೇಳಬೇಕಾಗಿಲ್ಲ. 1792ರ ಫೆಬ್ರವರಿಯಲ್ಲಿ ಲಂಡನ್ನಿನ ಹ್ಯಾನೋವರ್ ಸ್ಕ್ವೇರ್ ಸಭಾಂಗಣದಲ್ಲಿ ಕೂತಿದ್ದ ಜನರಿಗೂ ಹೇಳಬೇಕಾಗಿರಲಿಲ್ಲ ಅಂತ ನನ್ನ ನಂಬಿಕೆ. ಇದು ಅಕಸ್ಮಾತ್ತಲ್ಲ, ಹೈಡನ್ ಬೇಕಂತಲೇ ಬರೆದದ್ದು, ಅಷ್ಟು ಹೊತ್ತು ಮೆತ್ತಗೆ ಮಾಡಿದ್ದೇ ಇದಕ್ಕೋಸ್ಕರ.

ಕೊಡೆ ಸಿಕ್ಕಿತು. ಹೆಸರು ಇನ್ನೂ ಸಿಕ್ಕಿಲ್ಲ.

ಹೆಜ್ಜೆ 3: ಕಾರಣಕ್ಕೆ ಹೆಸರಿಡುತ್ತೀರಾ, ಪರಿಣಾಮಕ್ಕೆ ಹೆಸರಿಡುತ್ತೀರಾ?

ಒಂದೇ ಜಾಗಕ್ಕೆ ಎರಡು ಕಡೆಯಿಂದ ಹೆಸರಿಡಬಹುದು. ಇದಕ್ಕೆ ಹೈಡನ್‌ನ 94ಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಎರಡನೆಯ ಭಾಗದಲ್ಲಿ ಮಕ್ಕಳ ಹಾಡಿನಂಥ ಸರಳ ರಾಗ ಮೆತ್ತಗೆ ಬರುತ್ತದೆ, ಮತ್ತೆ ಅದೇ ರಾಗ ಇನ್ನೂ ಮೆತ್ತಗೆ, ಆಮೇಲೆ ಟಿಂಪನಿ ಅನ್ನೋ ದೊಡ್ಡ ನಗಾರಿ ಸಮೇತ ಇಡೀ ವಾದ್ಯವೃಂದ ಒಂದೇ ಏಟಿಗೆ ಢಂ! ಇಂಗ್ಲಿಷರು ಇದನ್ನು ‘ಅಚ್ಚರಿ’ ಅಂತ ಕರೆದರು. ಜರ್ಮನರು ‘ಟಿಂಪನಿ ಏಟಿನ ಸಿಂಫನಿ’ ಅಂದರು. ಒಬ್ಬರು ಬೆಚ್ಚಿಬಿದ್ದವನನ್ನು ನೋಡಿದರು, ಇನ್ನೊಬ್ಬರು ಬೆಚ್ಚಿಬೀಳಿಸಿದವನನ್ನು.

ತಮಾಷೆಗೆ ಸಾಮಾನ್ಯವಾಗಿ ಪರಿಣಾಮದ ಕಡೆ ಲಾಭ ಜಾಸ್ತಿ. 93ಕ್ಕೆ ನಾನು ಮೊದಲು ಇಟ್ಟದ್ದು ‘ಹೂಸು ಸಿಂಫನಿ’. ನೇರವಾಗಿದೆ, ಒಪ್ಪಿಕೊಳ್ಳುತ್ತೇನೆ, ಆದರೆ ಅಜ್ಜಿಯ ಮುಂದೆ ಹೇಳೋಕಾಗಲ್ಲ. ಮೇಲಾಗಿ ಇರೋ ನಗುವನ್ನೆಲ್ಲ ಹೆಸರೇ ನಕ್ಕುಬಿಡುತ್ತದೆ, ಕೇಳುವವರಿಗೆ ಏನೂ ಉಳಿಯಲ್ಲ. ಆಮೇಲೆ ಯೋಚಿಸಿದೆ. ತುಂಬಿದ ಸಭೆಯಲ್ಲಿ ಹಾಗೆ ಆದಾಗ ಮುಂದೆ ಏನಾಗುತ್ತದೆ? ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹಾಗಾಗಿ ನಮ್ಮ ಮನೆಯಲ್ಲಿ 93ರ ಹೆಸರು ‘ಯಾರದು?’ ಸಿಂಫನಿ. ಪ್ರಶ್ನಾರ್ಥಕ ಚಿಹ್ನೆ ಕಡ್ಡಾಯ.

ಹೆಜ್ಜೆ 4: ಹೆಸರು ನಿಮ್ಮ ಮನೆಯಿಂದ ಬರಲಿ

ಇದೇ ಮುಖ್ಯವಾದ ಹೆಜ್ಜೆ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲೋಣ. ಕೋಳಿ ಅಂತ ಹೆಸರಿಟ್ಟವರ ಊರಲ್ಲಿ ಕೋಳಿ ಇತ್ತು. 83ರ ಮೊದಲ ಭಾಗ ಸಿಟ್ಟಿನಿಂದ ಶುರುವಾಗಿ, ಆಮೇಲೆ ಓಬೋ ಅನ್ನೋ ಊದುವ ವಾದ್ಯ ಒಂದೇ ಸ್ವರವನ್ನು ಕೊಕ್, ಕೊಕ್, ಕೊಕ್ ಅಂತ ಕುಟುಕುತ್ತದೆ, ಜಗಳದ ಮನೆಯ ಅಂಗಳದಲ್ಲಿ ಕೋಳಿ ತನ್ನ ಪಾಡಿಗೆ ಕಾಳು ಹೆಕ್ಕಿದ ಹಾಗೆ. ಬೀದಿಯಲ್ಲಿ ಕರಡಿ ಕುಣಿಸೋದನ್ನು ನೋಡಿದವರು 82ರ ಕೊನೆಯ ಭಾಗದ ಗೊಂಯ್ ಅನ್ನೋ ಶ್ರುತಿಯನ್ನು ಕರಡಿಯವನು ಊದುವ ಚರ್ಮದ ಚೀಲದ ವಾದ್ಯಕ್ಕೆ (ಬ್ಯಾಗ್‌ಪೈಪ್) ಹೋಲಿಸಿದರು. ನೀವು ನೋಡಿದ್ದು ಏನು? ಅಲ್ಲಿಂದ ತಗೊಳ್ಳಿ.

ಬೀಥೋವನ್‌ನ ಐದನೆಯದನ್ನೇ ತಗೊಳ್ಳಿ. ಎಲ್ಲರೂ ಶುರುವಿನ ಆ ನಾಲ್ಕು ಸ್ವರಕ್ಕೆ ಬೀಳುತ್ತಾರೆ, ವಿಧಿ ಬಾಗಿಲು ತಟ್ಟಿತು ಅಂತೆಲ್ಲ. ಆ ಮಾತು ಬೀಥೋವನ್‌ನದು ಅಂತ ಹೇಳಿದವನು ಅವನ ಕಾರ್ಯದರ್ಶಿ ಶಿಂಡ್ಲರ್, ಆ ಮನುಷ್ಯ ದಾಖಲೆಗಳನ್ನೇ ತಿದ್ದಿದವನು, ಅವನನ್ನು ನಂಬೋದು ಕಷ್ಟ. ನೀವು ಕೊನೆಯನ್ನು ಕೇಳಿ. ಮುಗಿಯಿತು ಅನ್ನಿಸುತ್ತದೆ. ಮುಗಿದಿಲ್ಲ. ಇನ್ನೊಂದು ಸಲ ಢಂ. ಈಗ ಮುಗಿಯಿತು. ಇಲ್ಲ, ಮತ್ತೆರಡು. ಸಿ ಮೇಜರ್ ಕಾರ್ಡನ್ನು (ಒಟ್ಟಿಗೇ ನುಡಿಸೋ ಸ್ವರಗಳ ಗುಂಪನ್ನು) ಬಡಿದೂ ಬಡಿದೂ ಬಡಿದೂ ಕೊನೆಗೆ ಬಿಡುತ್ತದೆ. ಇದನ್ನು ನಾವೆಲ್ಲ ನೋಡಿಲ್ವಾ? ನೆಂಟರು ಎದ್ದರು, ‘ಹೋಗ್ಬರ್ತೀವಿ’ ಅಂದರು, ಕುಂಕುಮ ಆಯಿತು, ಚಪ್ಪಲಿ ಹಾಕಿದರು, ‘ಸರಿ ಹಾಗಾದ್ರೆ’ ಅಂದರು, ಗೇಟಿನ ಹತ್ತಿರ ಹೋಗಿ ಇನ್ನೊಂದು ಮಾತು ನೆನಪಾಯಿತು, ಆಟೋ ಬಂತು, ಆಟೋದೊಳಗಿಂದ ತಲೆ ಹೊರಗೆ ಹಾಕಿ ಮತ್ತೆ ‘ಬರ್ತೀವಿ ಕಣ್ರೀ’. ಹೆಸರು: ‘ಹೋಗ್ಬರ್ತೀವಿ’.

ಅವನ ಮೂರನೆಯದು ‘ಎರೋಯಿಕಾ’, ವೀರರ ಸಿಂಫನಿ. ಅದರ ಮೊದಲ ಭಾಗದಲ್ಲಿ ಮೂಲ ರಾಗ ವಾಪಸ್ ಬರಬೇಕಾದ ಕ್ಷಣಕ್ಕೆ ಸ್ವಲ್ಪ ಮುಂಚೆ ಒಂದು ಹಾರ್ನ್ (ಹಿತ್ತಾಳೆಯ ಕಹಳೆ) ತಡೆಯಲಾಗದೆ ರಾಗ ಎತ್ತಿಬಿಡುತ್ತದೆ. ಪಿಟೀಲುಗಳು ಇನ್ನೂ ಬೇರೆಯದೇ ಸ್ವರದಲ್ಲಿ ಗುನುಗುತ್ತಿರುತ್ತವೆ. ಅಭ್ಯಾಸದ ದಿನ ಬೀಥೋವನ್‌ನ ಶಿಷ್ಯ ರೀಸ್ ಪಕ್ಕದಲ್ಲೇ ಇದ್ದ. ಹಾರ್ನ್‌ನವನು ಲೆಕ್ಕ ತಪ್ಪಿದ ಅಂದುಕೊಂಡು ಬೈದುಬಿಟ್ಟ. ಅದನ್ನು ಹಾಗೇ ಬರೆದಿದ್ದ ಗುರುಗಳಿಂದ ಇನ್ನೇನು ಕೆನ್ನೆಗೆ ಬೀಳೋದರಲ್ಲಿತ್ತು ಅಂತ ಅವನೇ ಆಮೇಲೆ ನೆನಪಿಸಿಕೊಂಡಿದ್ದಾನೆ. ನನ್ನ ಹೆಸರು: ‘ಮೊದಲ ಪಂಕ್ತಿ’. ಎಲೆ ಹಾಕುವ ಮುಂಚೆಯೇ ಹೋಗಿ ಕೂತ ಆ ಒಬ್ಬ ಎಲ್ಲ ಮದುವೆಯಲ್ಲೂ ಇರುತ್ತಾನಲ್ಲ.

ಮೊಜಾರ್ಟ್‌ನ 41, 1788ರಲ್ಲಿ ಬರೆದದ್ದು, ‘ಜುಪಿಟರ್’ ಅಂತ ಪ್ರಸಿದ್ಧ. ಈ ಹೆಸರು ನನಗೆ ಹಿಡಿಸಲ್ಲ. ದೊಡ್ಡದು, ಭವ್ಯ, ದೇವರಂಥದ್ದು, ಸರಿ, ಆದರೆ ಅದರಲ್ಲಿ ಕೊಡೆ ಎಲ್ಲಿದೆ? ನಿಜವಾದ ಕೊಡೆ ಇರೋದು ಕೊನೆಯ ಭಾಗದ ಕೊನೆಯಲ್ಲಿ. ಅಲ್ಲಿ ಐದು ರಾಗಗಳು ಒಂದರ ಮೇಲೊಂದು ಏಕಕಾಲಕ್ಕೆ ಓಡುತ್ತವೆ, ಐದೂ ಕೇಳಿಸುತ್ತವೆ, ಒಂದಕ್ಕೊಂದು ಡಿಕ್ಕಿ ಹೊಡೆಯಲ್ಲ. ಐದು ಜನ ಒಟ್ಟಿಗೆ ಮಾತಾಡಿದರೂ ಎಲ್ಲರ ಮಾತೂ ಎಲ್ಲರಿಗೂ ಅರ್ಥವಾಗೋ ಜಾಗ ಒಂದೇ. ‘ಕೂಡು ಕುಟುಂಬ’.

ಹೆಜ್ಜೆ 5: ಕಥೆಯಿಂದ ಬಂದ ಹೆಸರಾದರೆ ಕಥೆ ಪರೀಕ್ಷಿಸಿ

ಕೆಲವು ಹೆಸರು ಸದ್ದಿನಿಂದ ಬರಲ್ಲ, ನಡೆದ ಘಟನೆಯಿಂದ ಬರುತ್ತವೆ. ಅದೂ ನಡೆಯುತ್ತದೆ. 1783ರಲ್ಲಿ ಮೊಜಾರ್ಟ್ ಲಿಂಟ್ಸ್ ಊರಿಗೆ ಬಂದಿಳಿದ. ಐದೇ ದಿನದಲ್ಲಿ ಕಛೇರಿ, ಜೇಬಲ್ಲಿ ಒಂದೂ ಸಿಂಫನಿ ಇಲ್ಲ. ಅಲ್ಲೇ ಕೂತು ಇಡೀ ಸಿಂಫನಿ ಬರೆದು ಮುಗಿಸಿದ. ಜಗತ್ತು ಅದನ್ನು ಊರಿನ ಹೆಸರಲ್ಲಿ ‘ಲಿಂಟ್ಸ್’ ಅನ್ನುತ್ತದೆ. ನಾನು ‘ಪರೀಕ್ಷೆ ಹಿಂದಿನ ರಾತ್ರಿ’ ಅನ್ನುತ್ತೇನೆ.

ಹೈಡನ್‌ನ 45 ಇನ್ನೂ ಒಳ್ಳೆಯದು, ಯಾಕಂದರೆ ಅಲ್ಲಿ ಕಥೆಯೂ ಇದೆ, ಸದ್ದೂ ಇದೆ. 1772ರಲ್ಲಿ ಹೈಡನ್‌ನ ಧಣಿ ರಾಜಕುಮಾರ ಎಸ್ಟರ್‌ಹಾಜಿ ತನ್ನ ಬೇಸಿಗೆ ಅರಮನೆಯಿಂದ ಹೊರಡೋ ಲಕ್ಷಣವೇ ಕಾಣಲಿಲ್ಲ. ವಾದ್ಯಗಾರರ ಹೆಂಡತಿ, ಮಕ್ಕಳೆಲ್ಲ ದೂರದ ಊರಲ್ಲಿ. ಬಾಯಿಬಿಟ್ಟು ಕೇಳೋ ಧೈರ್ಯ ಯಾರಿಗೂ ಇಲ್ಲ. ಹೈಡನ್ ಒಂದು ಸಿಂಫನಿ ಬರೆದ. ಅದರ ಕೊನೆಯಲ್ಲಿ ಒಬ್ಬೊಬ್ಬರೇ ತಮ್ಮ ಪಾಲು ನುಡಿಸಿ, ಮುಂದಿನ ಮೋಂಬತ್ತಿ ಆರಿಸಿ, ಎದ್ದು ಹೋಗುತ್ತಾರೆ. ಕೊನೆಗೆ ಎರಡೇ ಪಿಟೀಲು. ರಾಜಕುಮಾರನಿಗೆ ಅರ್ಥವಾಯಿತು, ಮಾರನೇ ದಿನ ಎಲ್ಲರೂ ಊರಿಗೆ ಹೊರಟರು ಅಂತ ಕಥೆ. ‘ವಿದಾಯ’ ಅನ್ನೋದು ಅದಕ್ಕೆ ಇರೋ ಹೆಸರು. ಸರ್ಕಾರಿ ನೌಕರಿ ಮಾಡಿದ ಯಾರನ್ನೇ ಕೇಳಿ, ಅದರ ನಿಜವಾದ ಹೆಸರು ‘ರಜಾ ಅರ್ಜಿ’.

ಆದರೆ ಎಚ್ಚರ. ಹೈಡನ್‌ನ 96ಕ್ಕೆ ‘ಪವಾಡ’ ಅನ್ನೋ ಹೆಸರಿದೆ. ಅದನ್ನು ನುಡಿಸಿದ ದಿನ ಸಭಾಂಗಣದ ದೊಡ್ಡ ತೂಗುದೀಪ ಕಳಚಿ ಬಿತ್ತು, ಜನ ಚಪ್ಪಾಳೆ ತಟ್ಟುತ್ತಾ ಮುಂದೆ ನುಗ್ಗಿದ್ದರಿಂದ ಯಾರೂ ಸಾಯಲಿಲ್ಲ ಅಂತ. ದೀಪ ಬಿದ್ದದ್ದು ನಿಜ. ಬಿದ್ದದ್ದು 1795ರ ಫೆಬ್ರವರಿಯಲ್ಲಿ, 102ನೆಯದು ನುಡಿಸಿದ ದಿನ! 96ಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಹೆಸರು ಮಾತ್ರ ಇವತ್ತಿಗೂ ಅಲ್ಲೇ ಇದೆ.

ಹೆಜ್ಜೆ 6: ಬೇರೆಯವರಿಗೂ ಹೊಂದುತ್ತಾ ನೋಡಿ

ಇಲ್ಲಿ ನಾನು ಮುಗ್ಗರಿಸಿ ಬಿದ್ದಿದ್ದೇನೆ. ಬ್ರೂಕ್ನರ್‌ನ ಏಳನೆಯದು ಶುರುವಾಗೋದು ಪಿಟೀಲುಗಳ ಸಣ್ಣ ನಡುಕದಿಂದ, ಬಾಣಲೆಯಲ್ಲಿ ಎಣ್ಣೆ ಕಾಯುತ್ತಿರುವ ಹಾಗೆ, ಸಾಸಿವೆ ಇನ್ನೂ ಹಾಕಿಲ್ಲ. ‘ಎಣ್ಣೆ ಕಾಯ್ತಿದೆ’ ಅಂತ ಹೆಸರಿಟ್ಟು ಒಂದು ವಾರ ಬೀಗಿದೆ. ಆಮೇಲೆ ನಾಲ್ಕನೆಯದು ಕೇಳಿದೆ. ಅಲ್ಲೂ ಎಣ್ಣೆ ಕಾಯುತ್ತಿತ್ತು. ಎಂಟನೆಯದರಲ್ಲೂ. ಒಂಬತ್ತನೆಯದರಲ್ಲೂ. ಮನುಷ್ಯ ಸಿಂಫನಿ ಹೊತ್ತಿಸೋ ರೀತಿಯೇ ಅದು. ಅಡುಗೆಯವನಿಗೆ ಇಡಬೇಕಾದ ಹೆಸರನ್ನು ಸಾರಿಗೆ ಇಟ್ಟಿದ್ದೆ.

ಅಂದಹಾಗೆ ಬ್ರೂಕ್ನರ್ ಪೆದ್ದನಂತೆ ಕಂಡರೂ ಹೆಸರಿಡೋದರಲ್ಲಿ ಕಡಿಮೆಯೇನಿಲ್ಲ. ತನ್ನ ಮೊದಲನೆಯ ಸಿಂಫನಿಯನ್ನು ತಾನೇ ವಿಯೆನ್ನಾದ ಆಡುಮಾತಿನಲ್ಲಿ ‘ತರಲೆ ಹುಡುಗಿ’ ಅನ್ನೋ ಅರ್ಥದ ಹೆಸರಲ್ಲಿ ಕರೆಯುತ್ತಿದ್ದ. ಎರಡನೆಯದರಲ್ಲಿ ಮಾತು ಮಾತಿಗೂ ಸುಮ್ಮನಾಗುವುದರಿಂದ ಜನ ಅದನ್ನು ‘ನಿಲುಗಡೆಗಳ ಸಿಂಫನಿ’ ಅಂದರು. ಶಟಲ್ ಬಸ್ ನೆನಪಾಗುತ್ತೆ ಅಲ್ವಾ?

ಪದವನ್ನೂ ಸರಿಯಾಗಿ ತೂಗಿ. ಮಾಹ್ಲರ್‌ನ ಆರನೆಯದರ ಕೊನೆಯ ಭಾಗದಲ್ಲಿ ಒಬ್ಬ ದೊಡ್ಡ ಸುತ್ತಿಗೆ ಎತ್ತಿ ಪೆಟ್ಟಿಗೆಯ ಮೇಲೆ ಬಡಿಯುತ್ತಾನೆ. ಮೊದಲು ಮೂರು ಏಟಿತ್ತು, ಆಮೇಲೆ ಮಾಹ್ಲರ್ ಒಂದನ್ನು ತೆಗೆದುಹಾಕಿದ. ‘ಸುತ್ತಿಗೆ ಸಿಂಫನಿ’ ಅನ್ನಬಹುದಿತ್ತು. ಆದರೆ ಏಟು ಲೋಹದ ಹಾಗೆ ಕೇಳಿಸಬಾರದು, ಕೊಡಲಿ ಏಟಿನಂತೆ ಮಂದವಾಗಿ, ಗಟ್ಟಿಯಾಗಿ ಇರಬೇಕು ಅಂತ ಅವನು ಬರೆದಿಟ್ಟಿದ್ದಾನೆ. ಸುತ್ತಿಗೆ ಅಂದರೆ ನಮಗೆ ಠಣ್ ಅಂತ ಕೇಳಿಸುತ್ತದೆ. ಮರದ ಕೊಡತಿ ಧಪ್ ಅನ್ನುತ್ತದೆ. ‘ಕೊಡತಿ ಸಿಂಫನಿ’ ಅನ್ನಿ, ಸದ್ದು ಹೆಸರಲ್ಲೇ ಇದೆ.

ಹೆಜ್ಜೆ 7: ಎಲ್ಲಿ ಕೈ ಹಾಕಬಾರದು

ಶೊಸ್ತಕೋವಿಚ್‌ನ ಏಳನೆಯದು, ‘ಲೆನಿನ್‌ಗ್ರಾಡ್’. 1942ರ ಆಗಸ್ಟ್‌ನಲ್ಲಿ, ಮುತ್ತಿಗೆ ಬಿದ್ದು ಹಸಿವಿನಿಂದ ಜನ ಸಾಯುತ್ತಿದ್ದ ಆ ಊರಲ್ಲೇ, ಬದುಕುಳಿದ ವಾದ್ಯಗಾರರು ಅದನ್ನು ನುಡಿಸಿದರು. ಅದಕ್ಕೆ ಇರೋ ಹೆಸರೇ ಇರಲಿ, ಬಿಟ್ಟುಬಿಡಿ.

ಚೈಕೋವ್‌ಸ್ಕಿಯ ಆರನೆಯದು ಸ್ವಲ್ಪ ಸೂಕ್ಷ್ಮ. ಅದನ್ನು ಮೊದಲ ಸಲ ನುಡಿಸಿ ಒಂಬತ್ತೇ ದಿನಕ್ಕೆ ಅವನು ತೀರಿಹೋದ, ಕೊನೆಯ ಭಾಗವನ್ನು ಕೇಳಿ ನಗೋಕೆ ಯಾರಿಂದಲೂ ಆಗಲ್ಲ. ಆದರೆ ಎರಡನೆಯ ಭಾಗದಲ್ಲಿ ಐದೈದು ಏಟಿನ ಒಂದು ವಾಲ್ಟ್ಸ್ ಕುಣಿತ ಇದೆ. ಮೂರು ಏಟಿಗೆ ಕುಣಿದು ಅಭ್ಯಾಸ ಇದ್ದ ಯುರೋಪಿನವರಿಗೆ ಅದು ಕುಂಟಿದ ಹಾಗೆ ಅನ್ನಿಸಿತು. ಎರಡು, ಮೂರು, ಎರಡು, ಮೂರು. ನಮಗೆ ಅದು ಖಂಡ ಛಾಪು, ತೊಡೆ ತಟ್ಟಿಕೊಂಡು ಆರಾಮಾಗಿ ಕೇಳಬಹುದು. ಆ ಭಾಗಕ್ಕೆ ಮಾತ್ರ ನಾನು ‘ಕುಂಟಾಬಿಲ್ಲೆ’ ಅನ್ನುತ್ತೇನೆ, ಇಡೀ ಸಿಂಫನಿಗೆ ಅಲ್ಲ.

ಹೆಜ್ಜೆ 8: ಉಲ್ಟಾ ಪರೀಕ್ಷೆ

ಹೆಸರು ಹೇಳಿ ಸಂಗೀತ ಹಾಕಿದರೆ ಯಾರು ಬೇಕಾದರೂ ತಲೆಯಾಡಿಸುತ್ತಾರೆ. ಅದು ಪರೀಕ್ಷೆ ಅಲ್ಲ. ಮೊದಲು ಸಂಗೀತ ಹಾಕಿ, ಆಮೇಲೆ ನಾಲ್ಕು ಹೆಸರು ಹೇಳಿ, ಇದಕ್ಕೆ ಯಾವುದು ಅಂತ ಕೇಳಿ. ಸಿಂಫನಿ ಅಂದರೆ ಏನು ಅಂತ ಗೊತ್ತಿಲ್ಲದವರೇ ಇದಕ್ಕೆ ಬೆಸ್ಟ್.

ನಮ್ಮಕ್ಕನಿಗೆ ಸಿಬೇಲಿಯಸ್‌ನ ಐದನೆಯದರ ಕೊನೆ ಹಾಕಿದೆ. ದೊಡ್ಡ ರಾಗ ಮೇಲಕ್ಕೇರಿ ಏರಿ, ತಟ್ಟನೆ ನಿಂತು, ಆರೇ ಆರು ಕಾರ್ಡುಗಳು, ಒಂದೊಂದರ ಮಧ್ಯೆ ಉದ್ದನೆಯ ಮೌನ. ಅಕ್ಕ ಎರಡನೆಯದಕ್ಕೇ ‘ಮುಗೀತಾ?’ ಅಂದಳು. ಮೂರನೆಯದಕ್ಕೆ ಬೆಚ್ಚಿದಳು. ನಾನು ಇಟ್ಟಿದ್ದ ಹೆಸರು ‘ಪವರ್ ಕಟ್’. ಅವಳು ಪಟ್ಟಿ ಕೇಳುವ ಮುಂಚೆಯೇ, ‘ಇದು ನಮ್ಮ ಚಿಕ್ಕಪ್ಪ ಸೀನೋ ಥರ ಇದೆ ಕಣೋ, ಮುಗೀತು ಅಂದ್ಕೊಂಡ್ರೆ ಇನ್ನೊಂದು’ ಅಂದಳು. ನನ್ನ ಹೆಸರನ್ನು ಅಲ್ಲೇ ಹರಿದು ಹಾಕಿದೆ. ಅದೀಗ ‘ಆರು ಸೀನು’. ಒಂಟಿ ಸೀನು ಅಪಶಕುನ ಅನ್ನುವವರಿಗೂ ತೊಂದರೆಯಿಲ್ಲ, ಜೋಡಿ ಲೆಕ್ಕ ಸರಿಯಾಗಿದೆ.

ಇನ್ನು ನಿಮಗೆ ಬಿಟ್ಟದ್ದು. 98ರ ಕೊನೆಯಲ್ಲಿ ಯಾರೂ ನಿರೀಕ್ಷಿಸದೇ ಇದ್ದಾಗ ಹೈಡನ್ ತಾನೇ ಕೀಲಿಮಣೆಯಲ್ಲಿ ಒಂದು ಪುಟ್ಟ ತುಣುಕು ನುಡಿಸಿಕೊಂಡ, ಅದಕ್ಕೆ ಏನಾದರೂ ಹೊಳೆಯುತ್ತಾ ನೋಡಿ. 102 ಪಾಪ, ದೀಪ ಬಿದ್ದದ್ದು ಅದರ ತಲೆಯ ಮೇಲೆ, ಹೆಸರು ಹೋದದ್ದು 96ಕ್ಕೆ. ‘ವಿಳಾಸ ತಪ್ಪಿದ ಕಾಗದ’ ಅಂತ ಇಡೋಣ ಅಂದುಕೊಂಡೆ, ಆದರೆ ಅದನ್ನು ಕೇಳಿ ಯಾರಿಗೂ ಸಂಗೀತದ ಒಂದು ಸ್ವರವೂ ನೆನಪಾಗಲ್ಲ. ಅದರ ಕೊನೆಯ ಭಾಗದ ಕೊನೆಯ ನಿಮಿಷ ಕೇಳಿ, ಪಿಟೀಲುಗಳು ರಾಗ ಎತ್ತಿಕೊಂಡು ಅಲ್ಲಲ್ಲೇ ತಡವರಿಸುತ್ತವೆ. ಕೊಡೆ ಅಲ್ಲೇ ಎಲ್ಲೋ ಇದೆ, ನನಗೆ ಇನ್ನೂ ಕೈಗೆ ಸಿಕ್ಕಿಲ್ಲ.